ತಾಳಮದ್ದಳೆಯಲ್ಲಿ ಬಂದ ಮನೆಮಾತು

ದೇವರು ಮೈಮೇಲೆ ಬರುವುದು, ಸತ್ತವರು ಬಂದು ಮಾತಾಡುವುದು, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಮ್ಮ ಕಾಸರಗೋಡಿನ ಕಡೆ ಇದಕ್ಕೇನೂ ಬರವಿಲ್ಲ. ಮೈ ನಡುಗಿಸುತ್ತ ನುಡಿ ಹೇಳುವವನ ಎದುರು ಊರೆಲ್ಲ ಕೈಮುಗಿದು ನಿಂತಿದ್ದರೆ, ನಾನು ಹಿಂದೆ ನಿಂತು, ಎರಡು ಬಾರಿಸಿದರೆ ಬಂದದ್ದು ಬಂದ ದಾರಿಯಲ್ಲೇ ಹೋಗುತ್ತದೆ ಎಂದು ಗೆಳೆಯರ ಕಿವಿಯಲ್ಲಿ ಹೇಳಿ ನಗಿಸುತ್ತಿದ್ದೆ. ಈಗ ನಂಬುತ್ತೀರಾ ಎಂದು ಕೇಳಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಕೊಚ್ಚಿಯಲ್ಲಿ ಒಂದು ಬ್ಯಾಂಕಿನಲ್ಲಿದ್ದೆ, ಕಲೂರಿನಲ್ಲಿ ಬಾಡಿಗೆ ಮನೆ. ಕೊಚ್ಚಿಯ ಕನ್ನಡದವರು ಮತ್ತು ತಿರುವನಂತಪುರದ ಕನ್ನಡದವರು ಸೇರಿ ಬೇಸಿಗೆಯ ಆರಂಭದಲ್ಲಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಒಂದು ಭಾನುವಾರ ಕಲೆಯುವ ರೂಢಿ ಇತ್ತು. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಬೆಳಿಗ್ಗೆ ಹೆಂಗಸರ ದೇವರನಾಮ, ಮಕ್ಕಳ ಕುಣಿತ, ಯಾರಾದರೂ ಮಲಯಾಳಿ ವಿದ್ವಾಂಸರ ಪಿಟೀಲು, ಆಮೇಲೆ ಊಟ. ಊಟಕ್ಕೆ ಬಿಸಿಬೇಳೆ ಭಾತ್ ಆಗಬೇಕು ಎಂದು ಮೈಸೂರಿನವರೂ, ಅವಿಯಲ್ ಇಲ್ಲದೆ ಈ ಊರಿನಲ್ಲಿ ಊಟವೇ ಎಂದು ನಮ್ಮವರೂ ಪ್ರತಿವರ್ಷ ಜಗಳವಾಡಿ, ಕೊನೆಗೆ ಎರಡನ್ನೂ ಮಾಡಿಸುತ್ತಿದ್ದರು. ಮಧ್ಯಾಹ್ನದ ಮೇಲೆ ನಾವು ಕರಾವಳಿಯವರು ಸೇರಿ ತಾಳಮದ್ದಳೆ ನಡೆಸುತ್ತಿದ್ದೆವು.

ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಪದಕ್ಕೆ ಸ್ಥಳದಲ್ಲೇ ಮಾತು ಕಟ್ಟಿ ವಾದ ಮಾಡುತ್ತಾರೆ. ಯಾರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಏಳುವ ಹಾಗೂ ಇಲ್ಲ. ಪಾತ್ರದ ಹೆಸರಿನಲ್ಲಿ ಎದುರಿನವನಿಗೆ ಚುಚ್ಚುವುದು, ಹಳೆಯ ಲೆಕ್ಕ ತೀರಿಸುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಒಂದು ಮಾತ್ರ ಕಟ್ಟುನಿಟ್ಟು: ಮಾತು ಗ್ರಂಥದ ಕನ್ನಡದಲ್ಲೇ ಇರಬೇಕು. ಮನೆಯಲ್ಲಿ ಆಡುವ ಮಾತು ಒಂದು ಬಂದರೂ ಅರ್ಥಧಾರಿಯ ಮರ್ಯಾದೆ ಹೋದಂತೆ.

ಆ ವರ್ಷ ಕಾರ್ಯಕ್ರಮ ಎರ್ನಾಕುಲಂನ ಒಂದು ಶಾಲೆಯ ಸಭಾಂಗಣದಲ್ಲಿ. ತಿರುವನಂತಪುರದಿಂದ ಹೊಸದಾಗಿ ಒಬ್ಬ ಅರ್ಥಧಾರಿ ಬರುತ್ತಾರೆ, ಉಳ್ಳೂರಿನಲ್ಲಿ ಮನೆ, ಕೇಂದ್ರ ಸರ್ಕಾರದ ದೊಡ್ಡ ಸಂಸ್ಥೆಯಲ್ಲಿ ಅಧಿಕಾರಿ, ಮಾತಿನಲ್ಲಿ ಗಟ್ಟಿಗ ಎಂದು ನಮ್ಮ ಭಾಗವತರು ಹೇಳಿದರು. ಭಾಗವತರು ಈಶ್ವರ ಭಟ್ಟರು, ಕೊಚ್ಚಿಯ ಹತ್ತಿರದ ಅಂಬಲಮುಗಳಿನಲ್ಲಿ ಕೆಲಸಕ್ಕಿದ್ದವರು. ಬರುವವರ ಹೆಸರು ಶ್ರೀಪತಿ ರಾಯರು ಎಂದಾಗ ನಾನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ.

ಶ್ರೀಪತಿ ನನ್ನ ಅಕ್ಕನನ್ನು ಮದುವೆಯಾಗಬೇಕಾಗಿದ್ದವನು. ಅರವತ್ತರ ದಶಕದಲ್ಲಿ, ನಾನು ಮಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ, ಸುಮತಿ ಅಕ್ಕನಿಗೂ ಅವನಿಗೂ ನಿಶ್ಚಿತಾರ್ಥವಾಯಿತು. ವೀಳ್ಯ ಬದಲಾಯಿಸಿ ಆಗಿತ್ತು, ಧಾರೆಯ ಸೀರೆ ಬಂದಿತ್ತು. ಇದ್ದಕ್ಕಿದ್ದಂತೆ ಅವರ ಕಡೆಯಿಂದ ಮದುವೆ ಬೇಡ ಎಂದು ಬಂತು. ಕಾರಣ, ಹುಡುಗಿಗೆ ಮೂರ್ಛೆ ರೋಗ ಇದೆ, ಹುಡುಗನೇ ಕಣ್ಣಾರೆ ಕಂಡಿದ್ದಾನೆ. ಅಕ್ಕ ಒಂದು ದಿನವೂ ತಲೆಸುತ್ತಿ ಬಿದ್ದವಳಲ್ಲ. ಕಾಯಿಲೆ ಯಾರಿಗೂ ಬರಬಹುದು, ಅದರಲ್ಲಿ ನಾಚಿಕೆಪಡಬೇಕಾದ್ದು ಏನೂ ಇಲ್ಲ. ಆದರೆ ಆ ಕಾಲದಲ್ಲಿ ಅಂಥ ಮಾತು ಹೆಣ್ಣಿನ ಹೆಸರಿಗೆ ಅಂಟಿದರೆ ಮತ್ತೆ ಯಾರೂ ನಮ್ಮ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ, ಇಡಲೂ ಇಲ್ಲ. ಮದುವೆಮನೆಗಳಲ್ಲಿ ಅಕ್ಕ ಬಾವಿಯ ಹತ್ತಿರ ಹೋದರೂ ಯಾರಾದರೂ ಓಡಿಬಂದು ಕೊಡಪಾನ ಕಸಿದುಕೊಳ್ಳುತ್ತಿದ್ದರು. ಕೆಲವು ವರ್ಷಗಳಲ್ಲಿ ಅಕ್ಕ ಉಬ್ಬಸದಿಂದ ತೀರಿಕೊಂಡಳು. ಪಾಪ, ಆ ರೋಗದ ಹುಡುಗಿಯಲ್ಲವೇ ಎಂದು ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದವರೂ ಅಂದರು. ಆ ಮಾತು ಕೇಳಿದ ಮೇಲೆ ನನಗೆ ಬೇಕಾಗಿದ್ದದ್ದು ಒಂದೇ. ಇವನು ನಮ್ಮವರು ನಾಲ್ಕು ಜನ ಇರುವಲ್ಲಿ ತನ್ನ ಬಾಯಾರೆ ಅದು ಸುಳ್ಳು ಎಂದು ಹೇಳಬೇಕು, ಹೇಳಿ ತಲೆ ತಗ್ಗಿಸಬೇಕು.

ಸಿಟ್ಟನ್ನು ಮರೆತುಬಿಡುವ ಜಾತಿಯವನು ನಾನಲ್ಲ. ಪ್ರಸಂಗ ಯಾವುದಾಗಬೇಕು ಎಂಬ ಮಾತು ಬಂದಾಗ, ಕೈಹಿಡಿಯಲೆಂದು ಹೊರಟ ರಾಜಕುಮಾರಿಯೊಬ್ಬಳನ್ನು ರಾಜನೊಬ್ಬ ಇಲ್ಲದ ಕುಂದು ಹೇಳಿ ಸಭೆಯಲ್ಲಿ ತಿರಸ್ಕರಿಸುವ ಕಥೆಯನ್ನು ನಾನೇ ಸೂಚಿಸಿದೆ. ಅದರ ಹೆಸರು ಇಲ್ಲಿ ಬೇಡ, ಹೇಳಿದರೆ ಆ ದಿನ ಅಲ್ಲಿದ್ದವರು ಎಲ್ಲರನ್ನೂ ಗುರುತು ಹಿಡಿದಾರು. ರಾಜನ ಅರ್ಥ ಶ್ರೀಪತಿ ರಾಯರಿಗೆ, ರಾಜಕುಮಾರಿಯ ಅರ್ಥ ನನಗೆ. ಹೆಣ್ಣಿನ ಅರ್ಥಕ್ಕೆ ಯಾರೂ ಮುಂದೆ ಬಾರದಿದ್ದ ಕಾರಣ ಭಟ್ಟರಿಗೆ ಖುಷಿಯಾಯಿತು. ರಾತ್ರಿಯ ನಿದ್ದೆ ಬಿಟ್ಟು ಮಾತು ಹೊಸೆದೆ. ನನ್ನ ಕುಂದು ಯಾವುದು ಎಂದು ಅವನಿಂದಲೇ ಹೇಳಿಸಬೇಕು, ಅದನ್ನು ನೀನು ಕಂಡೆಯಾ ಎಂದು ಕೇಳಬೇಕು, ಕಂಡೆ ಎಂದು ಪಾತ್ರದ ಅಹಂಕಾರದಲ್ಲಿ ಅವನು ಹೇಳಿದ ಕೂಡಲೇ, ನಾನು ಇಂಥವಳ ತಮ್ಮ ಎಂದು ಎದ್ದು ನಿಲ್ಲಬೇಕು. ಇದು ನನ್ನ ಲೆಕ್ಕಾಚಾರ.

ಭಾನುವಾರ ಬಂತು. ರೇಷ್ಮೆ ಜುಬ್ಬಾ ತೊಟ್ಟು, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಶ್ರೀಪತಿ ಬಂದಿಳಿದ. ಮೈ ತುಂಬಿಕೊಂಡಿದ್ದ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಬ್ಯಾಂಕಿನಲ್ಲಿ ಎಲ್ಲರೂ ಕರೆಯುವ ಹೆಸರೇ ಬೇರೆ, ಅವನು ನನ್ನನ್ನು ಕಂಡದ್ದು ಮೀಸೆ ಮೂಡದಿದ್ದಾಗ. ನನ್ನ ಹೆಗಲ ಮೇಲೆ ಕೈಯಿಟ್ಟು, ಹೆಣ್ಣಿನ ಅರ್ಥ ಕಷ್ಟ, ನಾನು ನಿಮ್ಮನ್ನು ಜಾಸ್ತಿ ಗೋಳು ಹೊಯ್ಯುವುದಿಲ್ಲ ಎಂದು ದೊಡ್ಡ ಮನುಷ್ಯನ ಹಾಗೆ ನಕ್ಕ. ಊಟದಲ್ಲಿ ಎರಡೆರಡು ಸಲ ಪಾಯಸ ಹಾಕಿಸಿಕೊಂಡ. ಅವನು ಉಂಡದ್ದನ್ನೆಲ್ಲ ಕಕ್ಕಿಸುತ್ತೇನೆ ಎಂದುಕೊಂಡು ನಾನೇ ಮುಂದೆ ನಿಂತು ಬಡಿಸಿದೆ.

ತಾಳಮದ್ದಳೆ ಶುರುವಾದಾಗ ಇನ್ನೂ ಒಳ್ಳೆಯ ಬಿಸಿಲು. ಕಾಯಲಿನ, ಅಂದರೆ ಹಿನ್ನೀರಿನ, ಕಡೆಯಿಂದ ಗಾಳಿ ಬರಲೆಂದು ಕಿಟಕಿಗಳನ್ನೆಲ್ಲ ತೆರೆದಿದ್ದರು. ಶ್ರೀಪತಿಯ ಅರ್ಥ ನಿಜಕ್ಕೂ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಕುಂದುಳ್ಳ ಹೆಣ್ಣು ಅರಮನೆಗೆ ಹೇಗೆ ತಕ್ಕವಳಲ್ಲ ಎಂದು ಅವನು ಶಾಸ್ತ್ರ ಸಮೇತ ಹೇಳುತ್ತಿದ್ದರೆ ಸಭೆ ತಲೆದೂಗಿತು. ಭಟ್ಟರು ನನ್ನ ಪದ ಎತ್ತಿದರು, ಮುಗಿಸಿದರು, ಮದ್ದಳೆ ನಿಂತಿತು. ನಾನು ಹೊಸೆದುಕೊಂಡ ಮೊದಲ ವಾಕ್ಯ ಸರಿಯಾಗಿಯೇ ಬಂತು. "ಅರಸನೇ, ಸಭಾಸದರೆಲ್ಲರೂ ಕೇಳುವಂತೆ ನುಡಿ. ನನ್ನಲ್ಲಿ ನೀನು ಕಂಡ ಕುಂದಾದರೂ ಯಾವುದು?"

ಅವನು ಉತ್ತರಕ್ಕೆ ಬಾಯಿ ತೆರೆದ. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನನ್ನ ಬಾಯಿ ನಿಲ್ಲಲಿಲ್ಲ.

"ನೀವು ನಮ್ಮ ಜಗಲಿಯಲ್ಲಿ ಬಿದ್ದಾಗ ನಾನು ಬೊಬ್ಬೆ ಹಾಕ್ಲಿಲ್ಲ. ಬೀಗದಕೈ ಗೊಂಚಲು ತಂದು ನಿಮ್ಮ ಕೈಯಲ್ಲಿ ಇಟ್ಟೆ. ಬಾಯಿಯ ನೊರೆ ನನ್ನ ಸೆರಗಿನಲ್ಲೇ ಒರಸಿದೆ. ಯಾರ ಹತ್ರವೂ ಹೇಳ್ಬೇಡ ಅಂತ ಕೈಮುಗಿದ್ರಿ. ನಾನು ಹೇಳ್ಲೇ ಇಲ್ಲ. ಮತ್ತೆಂತಕೆ ನೀವು ಅದನ್ನು ನನ್ನ ತಲೆಗೆ ಕಟ್ಟಿದ್ದು?"

ಒಂದು ಮಾತೂ ನಾನು ಹೊಸೆದದ್ದಲ್ಲ. ಬೀಗದಕೈ ಗೊಂಚಲಿನ ವಿಷಯ ನನಗೆ ಗೊತ್ತಿರಲಿಲ್ಲ, ಅವನು ನಮ್ಮ ಜಗಲಿಯಲ್ಲಿ ಬಿದ್ದದ್ದೂ ಗೊತ್ತಿರಲಿಲ್ಲ. ಬಂದದ್ದು ಅಪ್ಪಟ ಮನೆಮಾತು, ನಮ್ಮ ಅಡುಗೆಮನೆಯ ಮಾತು. ಮೈ ನಡುಗಲಿಲ್ಲ, ಕಣ್ಣಿಗೆ ಕತ್ತಲೆ ಬರಲಿಲ್ಲ, ನಾನು ನಾನಾಗಿಯೇ ಕೂತಿದ್ದೆ. ನನ್ನ ಕಣ್ಣು ಮಾತ್ರ ಶ್ರೀಪತಿಯ ಮುಖದ ಮೇಲಿತ್ತು. ಆ ಮುಖದ ರಕ್ತ ಇಳಿದುಹೋಗುತ್ತಿತ್ತು, ತುಟಿಯಲ್ಲಿ ಪಸೆ ಇರಲಿಲ್ಲ. ಏನು ನಡೆಯುತ್ತಿದೆ ಎಂದು ಹೆದರುವ ಬದಲು ನನಗೆ ಸಂತೋಷವಾಗುತ್ತಿತ್ತು.

ದಾರಿ ತಪ್ಪಿದ ಅರ್ಥವನ್ನು ಮುಂದಿನ ಪದ ಎತ್ತಿ ಮುಚ್ಚಿಬಿಡುವುದು ಭಾಗವತರ ಕೆಲಸ. ಭಟ್ಟರು ತಾಳ ಎತ್ತಿದವರು ಹಾಗೇ ಹಿಡಿದುಕೊಂಡು ಕೂತರು. ಮುಂದಿನ ಸಾಲಿನಲ್ಲಿದ್ದ ಶ್ರೀಪತಿಯ ದೊಡ್ಡ ಮಗಳು ತಾಯಿಯ ಕಡೆ ಬಗ್ಗಿ ಮಲಯಾಳದಲ್ಲಿ, "ಎಂದಾ ಅಮ್ಮೇ?", ಏನಮ್ಮಾ ಇದು, ಎಂದು ಕೇಳಿದಳು. ತಾಯಿ ತಲೆ ಬಗ್ಗಿಸಿದಳು. ಆಗ ಶ್ರೀಪತಿ, ಗ್ರಂಥದ ಕನ್ನಡ ಬಿಟ್ಟು, ತಗ್ಗಿದ ಸ್ವರದಲ್ಲಿ ಹೇಳಿದ.

"ಹೌದು. ಸುಮತಿಗೆ ಎಂತ ರೋಗವೂ ಇರ್ಲಿಲ್ಲ. ನನಗಿದ್ದದ್ದು. ನಾನು ಹೇಳಿದ್ದು ಸುಳ್ಳು."

ಹಿಂದೆ ಕೂತಿದ್ದ ಬೆಂಗಳೂರಿನ ಕೆಲವರು ಇದೂ ಅರ್ಥದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಕರಾವಳಿಯವರು ತಟ್ಟಲಿಲ್ಲ. ಆ ಕಥೆಯಲ್ಲಿ ಸುಮತಿ ಎಂಬ ಹೆಸರೇ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಅಕ್ಕನ ಮದುವೆ ತಪ್ಪಿದ ಸುದ್ದಿಯನ್ನು ಊರಿನಿಂದ ಊರಿಗೆ ಒಯ್ದ ಮನೆಗಳವರೇ ಅಲ್ಲಿ ಮೂರ್ನಾಲ್ಕು ಮಂದಿ ಇದ್ದರು. ಭಟ್ಟರು ಹೇಗೋ ಮಂಗಳ ಹಾಡಿ ಮುಗಿಸಿದರು.

ಎಲ್ಲರೂ ಕಾಫಿಗೆ ಎದ್ದಾಗ, ಶಾಲೆಯ ಹಿಂದೆ ಕೈತೊಳೆಯುವ ನಲ್ಲಿಯ ಹತ್ತಿರ ಅವನು ನನ್ನನ್ನು ಹಿಡಿದು ನಿಲ್ಲಿಸಿದ. ನಾನು ಯಾರೆಂದು ಈಗ ಅವನಿಗೆ ತಿಳಿದಿತ್ತು. ಧಾರೆಯ ಸೀರೆಯ ಬಣ್ಣ ಕೇಳುವ ನೆವದಲ್ಲಿ ಅವನು ಒಬ್ಬನೇ ಒಂದು ಮಧ್ಯಾಹ್ನ ನಮ್ಮ ಮನೆಗೆ ಹೋಗಿದ್ದನಂತೆ. ಅಕ್ಕನ ಹೊರತು ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಅಲ್ಲಿ ಅವನಿಗೆ ಮೂರ್ಛೆ ಬಂತು. ಎಂದಾದರೂ ಒಂದು ದಿನ ಅವಳು ಬಾಯಿಬಿಟ್ಟರೆ ಎಂಬ ಹೆದರಿಕೆಗೆ, ಅವಳ ಬಾಯಿಗೆ ಬೆಲೆಯೇ ಇಲ್ಲದ ಹಾಗೆ ಮಾಡಿದ. ಇದನ್ನೆಲ್ಲ ನೆಲ ನೋಡಿಕೊಂಡು ಹೇಳಿ, ಕೊನೆಗೆ ಕೇಳಿದ.

"ಅವಳು ನಿಮಗೆ ಹೇಳಿದ್ದಾಳೆ, ಅಲ್ವಾ?"

ಹೌದು ಎಂದಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಮಾತು ತಪ್ಪಿದವಳು ಅವಳು ಎಂದು ಮನಸ್ಸಿಗೆ ಒಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

"ಇಲ್ಲ," ಎಂದೆ. "ಅವಳು ಸಾಯುವವರೆಗೂ ಯಾರಿಗೂ ಹೇಳ್ಲಿಲ್ಲ. ನನಗೂ ಗೊತ್ತಾದದ್ದು ಈಗ, ನಿಮ್ಮ ಕಿವಿಗೆ ಬಿದ್ದಾಗಲೇ."

ಅವನು ನನ್ನ ಬಾಯಿಯನ್ನೇ ನೋಡಿದ. ಆ ನೋಟವನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ. ದೊಡ್ಡ ಮಾತು ಆಡಿ ನಿಮ್ಮಲ್ಲಿ ಒಳ್ಳೆಯವನೆನಿಸಿಕೊಳ್ಳುವ ಆಸೆ ನನಗಿಲ್ಲ. ಅವನು ಆಮೇಲೆ ತಿರುವನಂತಪುರದ ಕೂಟಕ್ಕೂ ಬರಲಿಲ್ಲ, ಅರ್ಥ ಹೇಳುವುದನ್ನು ಬಿಟ್ಟನಂತೆ, ಯಾರಾದರೂ ಹೆಂಗಸು ಹಿಂದಿನಿಂದ ಕರೆದರೆ ಬೆಚ್ಚುತ್ತಾನಂತೆ. ಕೇಳಿ ನನಗೆ ಅಯ್ಯೋ ಅನಿಸಲಿಲ್ಲ. ಅಕ್ಕನ ಹೆಸರಿಗೆ ಅಂಟಿದ್ದ ಕಳಂಕ ಒಂದೇ ಮಳೆಗಾಲದೊಳಗೆ ಊರಲ್ಲೆಲ್ಲ ತೊಳೆದು ಹೋಯಿತು. ಕೊಡಪಾನ ಕಸಿದುಕೊಂಡವರೇ ಅಮ್ಮನ ಹತ್ತಿರ ಬಂದು ಕಣ್ಣೀರು ಹಾಕಿದರು.

ನನ್ನ ಪರಿಚಯದ ವೈದ್ಯರೊಬ್ಬರಿಗೆ ಇದನ್ನೆಲ್ಲ ಹೇಳಿದ್ದೇನೆ. ಅಕ್ಕ ಎಂದೋ ನಿಮ್ಮೆದುರು ಅರ್ಧ ಹೇಳಿರಬಹುದು, ಮನಸ್ಸು ಅದನ್ನು ಅಡಗಿಸಿಟ್ಟಿತ್ತು, ಸಿಟ್ಟಿನಲ್ಲಿ ಹೊರಗೆ ಹಾಕಿತು ಎಂದರು. ಇರಬಹುದು. ಆದರೆ ಅಕ್ಕ ಹೇಳಿರಲಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ಹೇಳಿದ್ದರೆ ನಾನು ಹಾಸ್ಟೆಲ್ ಬಿಟ್ಟು ನೆಟ್ಟಗೆ ಅವನ ಮನೆಗೆ ಹೋಗುತ್ತಿದ್ದೆ. ಹಾಗಾದರೆ ಅದು ಅಕ್ಕನೇ ಎಂದು ಹೇಳಲೂ ನಾಲಿಗೆ ಏಳುವುದಿಲ್ಲ.

ರಜೆ ಸಿಕ್ಕಿದ ಕೂಡಲೇ ಊರಿಗೆ ಹೋದೆ. ಅಮ್ಮ ಅಡುಗೆಮನೆಯಲ್ಲಿ ಹಲಸಿನ ತೊಳೆ ಬಿಡಿಸುತ್ತಿದ್ದಳು. ನಾನು ಗೆದ್ದವನ ಹಾಗೆ ಎಲ್ಲವನ್ನೂ ವಿವರವಾಗಿ ಹೇಳಿದೆ, ಅವನ ತುಟಿ ಒಣಗಿದ್ದು, ದನಿ ತಗ್ಗಿದ್ದು. ಅಮ್ಮ ಶ್ರೀಪತಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಎಣ್ಣೆ ಹಚ್ಚಿದ ಕೈಯಲ್ಲೇ ನನ್ನ ಕಡೆ ತಿರುಗಿದಳು. ಅಕ್ಕನ ಕೊನೆಯ ದಿನಗಳಲ್ಲಿ ಪಕ್ಕ ಬಿಡದೆ ಕೂತವಳು ಅಮ್ಮ. ಉಬ್ಬಸದಲ್ಲಿ ಅಕ್ಕನಿಗೆ ಒಂದು ಮಾತು ಪೂರ್ತಿ ಮಾಡಲಿಕ್ಕೆ ಆಗುತ್ತಿರಲಿಲ್ಲವಂತೆ, ನೀರು ಎನ್ನಲೂ ಎರಡು ಸಲ ಉಸಿರು ಎಳೆಯಬೇಕಾಗಿತ್ತಂತೆ.

"ಸ್ವರ ಹೇಗಿತ್ತು ಮಗಾ?" ಎಂದಳು. "ಉಬ್ಬಸ ಇತ್ತಾ? ಅಲ್ಲ, ಈಗ ಆರಾಮ ಉಂಟಾ ಅವಳಿಗೆ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆಮೇಲೆ ಕೊಚ್ಚಿಗೆ ಮರಳಿ ಈಶ್ವರ ಭಟ್ಟರನ್ನು ಕೇಳಿದೆ, ಮದ್ದಳೆಯವನನ್ನು ಕೇಳಿದೆ. ಮಾತು ಅವರಿಗೆ ಅಕ್ಷರ ಅಕ್ಷರ ನೆನಪಿತ್ತು, ಸ್ವರ ಹೇಗಿತ್ತು ಎಂದು ಇಬ್ಬರಿಗೂ ನೆನಪಿರಲಿಲ್ಲ. ನನಗೆ ಕಾಣುವುದು ಶ್ರೀಪತಿಯ ಮುಖ ಒಂದೇ. ಅಕ್ಕ ನಿಜಕ್ಕೂ ಬಂದಿದ್ದರೆ, ಅವಳು ಮಾತಾಡಿದಷ್ಟು ಹೊತ್ತೂ ನಾನು ಅವನನ್ನು ನೋಡುತ್ತ ಕೂತಿದ್ದೆ, ಅವಳನ್ನು ಕೇಳಿಸಿಕೊಳ್ಳಲಿಲ್ಲ. ಆ ದಿನ ಅಡುಗೆಮನೆಯಲ್ಲಿ, ಗೊತ್ತಿಲ್ಲ ಅಮ್ಮ ಎಂದೆ.