ಕಾಳಿ ನದಿಗೊಂದು ಮೊಳೆ

ಬಾಡಿಗೆ ಮನೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನನ್ನು ಒಪ್ಪಿಸಬಹುದು, ಬಾಸನ್ನೂ ಒಪ್ಪಿಸಬಹುದು. ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಲು ಓನರನ್ನು ಒಪ್ಪಿಸಿ ನೋಡೋಣ!

ನನಗೆ ಬೇಕಿದ್ದದ್ದು ಅಷ್ಟೇ, ಒಂದು ಮೊಳೆ. ಕಾರವಾರಕ್ಕೆ ಹೋಗಿದ್ದಾಗ ಕಾಳಿ ನದಿಯಲ್ಲಿ, ದೋಣಿಯಲ್ಲಿ ಕೂತು ನೋಡಿದ ಸಂಜೆಯೊಂದು ತಲೆಯಿಂದ ಇಳಿದೇ ಇರಲಿಲ್ಲ. ಮೂರು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ಅದನ್ನು ಕ್ಯಾನ್ವಾಸಿಗೆ ಇಳಿಸಿದೆ. ದೋಣಿಯಿಲ್ಲ, ಮರವಿಲ್ಲ, ಸೂರ್ಯನೂ ಇಲ್ಲ. ಬರೀ ಬಣ್ಣದ ಚೌಕಗಳು. ಅಬ್‌ಸ್ಟ್ರಾಕ್ಟ್ (ನನ್ನ ಗಂಡನ ಪ್ರಕಾರ, ಇನ್ನೂ ಮುಗಿಯದ್ದು).

ಓನರ್ ಮುನಿಯಪ್ಪನವರು ಕೆಳಗಿನ ಮನೆಯಲ್ಲೇ ಇದ್ದಾರೆ. ಅಟ್ಟೂರಿನ ಹಳೇ ಕುಳ. ನಾವಿರುವ ಲೇಔಟ್ ಒಂದು ಕಾಲಕ್ಕೆ ಅವರ ಮನೆತನದ ಜಮೀನು.

"ಮೊಳೆನಾ? ಏನ್ ನೇತಾಕ್ತೀರೋ ಮೊದ್ಲು ನೋಡ್ಬೇಕು" ಎನ್ನುತ್ತಾ ಮೇಲೆ ಬಂದರು. ಕನ್ನಡಕ ಏರಿಸಿ ಚಿತ್ರ ನೋಡಿದರು.

"ಯಾವ ಲೇಔಟ್ ಮೇಡಂ ಇದು? ಸರ್ವೆ ನಂಬರ್ರೇ ಆಕಿಲ್ಲ?"

ಮೈಯೆಲ್ಲ ಉರಿದುಹೋಯಿತು. "ಪೇಂಟಿಂಗ್ ಸರ್ ಇದು. ಕಾರವಾರದ ನದಿ."

"ನದಿ ಯಾಕೆ ಚೌಕ ಐತೆ?"

"ನದಿ ಅಲ್ಲ ಸರ್, ನದಿಯ ನೆನಪು" ಎಂದೆ. "ರೋಡೇ ಬಿಟ್ಟಿಲ್ವಲ್ಲ" ಎಂದರು. ಕಾರ್ನರ್ ಸೈಟ್ ಯಾವುದೆಂದು ಬೆರಳಿಟ್ಟು ತೋರಿಸಿಯೂ ಬಿಟ್ಟರು. ನಾನೂ ನಗುತ್ತಾ ತಲೆಯಾಡಿಸಿದೆ. ಮೊಳೆ ಬೇಕಿತ್ತಲ್ಲ!

ಆ ಬೆರಳು ಮೂಲೆಯ ನೇರಳೆ ಬಣ್ಣದ ಮೇಲೆ ನಿಂತಿತು.

"ದ್ರಾಕ್ಸಿ ತೋಟ ಅಲ್ವಾ ಇದು?"

"ಅಲ್ಲ ಸರ್, ಸಂಜೆ ಬೆಳಕು."

ಅವರಿಗೆ ಕೇಳಿಸಲಿಲ್ಲ. "ಪಕ್ಕದಾಗೆ ರಾಗಿ ಒಲ. ಈ ನೀಲಿ ನಮ್ ಕೆರೆ. ನಿಮ್ ಅಡ್ಗೆಮನೆ ಐತಲ್ಲ, ಅಲ್ಲೇ ನಮ್ಮವ್ವ ದ್ರಾಕ್ಸಿ ಬಿಡಿಸ್ತಿದ್ಲು. ಒಂದ್ ಫೋಟೋನೂ ಇಲ್ಲ ಕಣಮ್ಮ. ಇಂಗೇ ಇತ್ತು."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾರವಾರ ಎಂದು ಇನ್ನೊಮ್ಮೆ ಹೇಳಲು ತೆರೆದ ಬಾಯಿ ಮುಚ್ಚಿಕೊಂಡೆ. ಅದೇ ನಾನು ಮಾಡಿದ ತಪ್ಪು. ಮನೆಯಾಕೆಗೆ ತೋರಿಸಿ ತರುತ್ತೇನೆಂದು ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದೇಬಿಟ್ಟರು.

ಮರುದಿನ ಬೆಳಿಗ್ಗೆ ಡ್ರಿಲ್ ಸದ್ದು. ಕೆಳಗಿನಿಂದ!

ಈಗ ಅದು ಅವರ ಹಾಲ್‌ನಲ್ಲಿದೆ. ಬಂದ ನೆಂಟರಿಗೆಲ್ಲ "ನಮ್ ಹಳೇ ಜಮೀನು, ಮೇಲ್ಗಡೆ ಮೇಡಂ ಬರ್ಕೊಟ್ರು" ಎಂದು ತೋರಿಸುತ್ತಾರೆ. ನೆಂಟರೂ ಹತ್ತಿರ ಹೋಗಿ ತಂತಮ್ಮ ಹೊಲ ಹುಡುಕುತ್ತಾರೆ (ಸಿಗುತ್ತದಂತೆ!). ನನ್ನ ಚಿತ್ರ ನೋಡಿ ಒಬ್ಬರಾದರೂ ಕಣ್ಣೊದ್ದೆ ಮಾಡಿಕೊಳ್ಳಲಿ ಎಂದು ಆಸೆಪಟ್ಟಿದ್ದು ನಿಜ. ಆದರೆ ಬೇರೆ ಊರಿಗಾಗಿಯೇ? ವಾಪಸ್ ಕೇಳಲು ಎರಡು ಸಲ ಹೋದೆ. ಎರಡು ಸಲವೂ ಕಾಫಿ ಕುಡಿದು ಬಂದೆ.

ನಮ್ಮ ಗೋಡೆಗೆ ಮೊಳೆ? "ನೋಡಾಣ" ಅಂದಿದ್ದಾರೆ.

ಈಗ ನೀವೇ ಹೇಳಿ, ನನ್ನ ಕಾಳಿ ನದಿ ನೋಡಲು ನಾನೇ ಅವರ ಮನೆ ಬೆಲ್ ಒತ್ತಬೇಕೇ?