ಆಷಾಢಕ್ಕೆ ಮೊದಲೇ ತಂದ ರೊಟ್ಟಿ ಮೆಷಿನ್

ನಮಗೆ ಬರಬೇಕಿದ್ದ ಸಬ್ಸಿಡಿ ತಪ್ಪಿದ್ದು ನನ್ನಿಂದ. ಬ್ಯಾಂಕಿನವರು ತಿಂದರು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅದು ಸುಳ್ಳು.

ಆಗ ಬೆಂಗಳೂರಿನ ಅಬ್ಬಿಗೆರೆಯ ನಮ್ಮ ಬಾಡಿಗೆ ಮನೆಯ ಮುಂದೆ ಇನ್ನೂ ಖಾಲಿ ಸೈಟುಗಳಿದ್ದವು. ನಾನು ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿಯೇ ನಮ್ಮ ಉತ್ತರ ಕರ್ನಾಟಕದ ಕಡೆಯಿಂದ ಕೆಲಸಕ್ಕೆ ಬಂದವರು ಬಾಗಿಲಿಗೆ ಬಂದು ಕೊಳ್ಳುತ್ತಿದ್ದರು. ರಟ್ಟೆ ನೋಯುತ್ತಿತ್ತು. ಆದರೂ ಈಗ ಮನೆಯಲ್ಲಿ ಆ ಸದ್ದಿಲ್ಲದಿರುವುದು ನನಗೆ ಸರಿಬರುವುದಿಲ್ಲ.

ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುತ್ತಿದ್ದಳು. ರೊಟ್ಟಿ ಮೆಷಿನ್ ಬಂದರೆ ಅವಳು ಆ ಕೆಲಸ ಬಿಡಬೇಕು ಎಂಬುದು ನಮ್ಮಿಬ್ಬರ ಲೆಕ್ಕ. ಬ್ಯಾಂಕು ಸಾಲ ಕೊಡುತ್ತದೆ, ಅದರಲ್ಲಿ ಒಂದು ಪಾಲು ಸರ್ಕಾರದ್ದು, ಅದನ್ನು ತೀರಿಸಬೇಕಿಲ್ಲ. ಉಳಿದದ್ದು ಮಾತ್ರ ಕಂತು. ಇಷ್ಟನ್ನು ಸೊಸೆ ಮೂರು ಸಲ ಬಿಡಿಸಿ ಹೇಳಿದ ಮೇಲೆ ಮೂರನೇ ಕ್ಲಾಸಿನ ನನ್ನ ತಲೆಗೆ ಹೋಯಿತು. ಅರ್ಜಿ ಹಾಕಿದೆವು. ಕೆಲಸ ಬಿಡುವ ಕಾಗದವನ್ನೂ ಅವಳು ಬರೆದು ಟಿಫಿನ್ ಬ್ಯಾಗಿನಲ್ಲಿ ಇಟ್ಟುಕೊಂಡಳು.

ಅಷ್ಟರಲ್ಲಿ ಆಷಾಢ ಹತ್ತಿರ ಬಂತು.

"ಶುಕ್ರವಾರನ ಮೆಷಿನ್ ತರೂಣು. ಆಮ್ಯಾಲ ಒಂದು ತಿಂಗಳು ಹೊಸಾದು ಏನೂ ತರಾಂಗಿಲ್ಲ," ಎಂದೆ.

"ಬ್ಯಾಂಕಿಂದ ಲೆಟರ್ ಬರ್ಲಿ ಅತ್ತೆ, ಆಮೇಲೆ ತರೋಣ."

"ನಿನ್ನ ಲೆಟರ್ ಪಂಚಾಂಗ ನೋಡಿ ಬರತೈತೇನು?"

ನನ್ನ ಬಳೆ ಅಡವಿಟ್ಟು ಮೆಷಿನ್ ತಂದೆ. ಕುಂಕುಮ ಹಚ್ಚಿ, ಕಾಯಿ ಒಡೆದು, ಹಳೇ ಸೀರೆ ಹೊದಿಸಿ ಇಟ್ಟೆ. ವ್ಯಾಪಾರ ಶ್ರಾವಣದಲ್ಲಿ ಎಂದೆ.

ಆಷಾಢದ ನಡುವೆ ಬ್ಯಾಂಕಿನವರು ಕರೆದರು. ಅಲ್ಲಿಯ ಮೇಡಂ ಮೆಷಿನ್ನಿನ ಬಿಲ್ಲನ್ನು ತಿರುಗಿಸಿ ನೋಡಿದರು.

"ಅಜ್ಜಿ, ಮೆಷಿನ್ ಆಗ್ಲೇ ತಗೊಂಡ್‌ಬಿಟ್ಟಿದ್ದೀರಲ್ಲ?"

"ಹೌದ್ರಿ. ಚಲೋ ದಿನ ಇತ್ತು."

"ಸಾಲ ಮಂಜೂರಾದ್ಮೇಲೆ ತಗೊಂಡಿದ್ದಕ್ಕೆ ಮಾತ್ರ ಈ ಸ್ಕೀಮು ಕಣಜ್ಜಿ. ಮೊದ್ಲೇ ತಗೊಂಡಿದ್ರೆ ಸಬ್ಸಿಡಿ ಬರಲ್ಲ."

"ತಾರೀಖು ತಿದ್ದಿದ್ರ ಆತಲ್ರಿ?"

"ನನ್ ಕೆಲ್ಸಾನೂ ಹೋಗುತ್ತೆ, ಆಮೇಲೆ ನಾನೂ ನಿಮ್ ಜೊತೆ ರೊಟ್ಟಿ ತಟ್ಬೇಕು!" ಎಂದು ಮೇಡಂ ನಕ್ಕರು. ನಾನು ನಗಲಿಲ್ಲ. ಜೋಳ ಕೊಳ್ಳಲು ಸಣ್ಣ ಸಾಲ ಬೇರೆ ಸಿಗುತ್ತದೆ, ಆದರೆ ಅದನ್ನು ಪೂರ್ತಿ ತೀರಿಸಬೇಕು, ಮುಂದಿನ ತಿಂಗಳಿಂದಲೇ ಕಂತು ಎಂದರು. ಬೇರೆ ದಾರಿ ಇರಲಿಲ್ಲ. ಹೆಬ್ಬೆಟ್ಟು ಒತ್ತಲಿಲ್ಲ, ಸಹಿಯನ್ನೇ ಹಾಕಿದೆ.

ಸೊಸೆ ಮನೆಗೆ ಬಂದವಳೇ ಟಿಫಿನ್ ಬ್ಯಾಗಿನಿಂದ ಕೆಲಸ ಬಿಡುವ ಆ ಕಾಗದ ತೆಗೆದು ನನ್ನ ಪಂಚಾಂಗದೊಳಗೆ ಸಿಕ್ಕಿಸಿದಳು.

"ಇಲ್ಲೇ ಇರ್ಲಿ ಅತ್ತೆ. ಒಳ್ಳೆ ದಿನ ನೋಡಿ ನೀವೇ ಹೇಳಿ, ಆವತ್ತು ಕೊಡ್ತೀನಿ."

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವಳು ಬೈಯಲಿಲ್ಲ, ಊದಿದ ಕಾಲಿಗೆ ಬಿಸಿನೀರು ಹಾಕಿಕೊಳ್ಳಲು ಹೋದಳು.

ರೊಟ್ಟಿ ಹೊತ್ತುಕೊಂಡು ಯಾರ ಬಾಗಿಲಿಗೂ ಹೋಗುವವಳಲ್ಲ ಎಂದು ಬೀಗುತ್ತಿದ್ದವಳು ನಾನು. ಮರುದಿನ ಬೆಳಗ್ಗೆ ಸೊಸೆ ಏಳುವ ಮೊದಲೇ ಮೆಷಿನ್ನಿನ ಮೇಲಿನ ಸೀರೆ ಎಳೆದು, ಸ್ವಿಚ್ ಹಾಕಿದೆ. ಐವತ್ತು ರೊಟ್ಟಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ, ಬಸ್ಸು ಹತ್ತಿ, ಯಲಹಂಕದ ಹುಡುಗಿಯರ ಹಾಸ್ಟೆಲ್ಲಿನ ಅಡುಗೆಮನೆ ಬಾಗಿಲಲ್ಲಿ ಮಾರಲು ನಿಂತೆ. ಆಷಾಢ ಮುಗಿಯಲು ಇನ್ನೂ ಹನ್ನೊಂದು ದಿನ ಇತ್ತು.