ಭಾವನ ದೋಣಿಗೆ ಹಚ್ಚಿದ ಕೆಂಪು

ದೋಣಿಯ ತಳ ತೂತಾಗಿದ್ದು ನಿಮ್ಮಿಂದಲ್ಲ ಭಾವ. ನಾನು ಹಚ್ಚಿದ ಬಣ್ಣದಿಂದ. ಅದು ನನಗೆ ಅವತ್ತೇ ಗೊತ್ತಿತ್ತು.

ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಅನ್ನುತ್ತಾರೆ. ಈ ಪತ್ರದಲ್ಲಿ ಅಷ್ಟು ಬರೆದ ಮೇಲೂ ನನಗೆ ಏನೂ ಆಗಲಿಲ್ಲ — ಎದ್ದು ಹೋಗಿ ನೀರು ಕುಡಿದು ಬಂದೆ.

ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯಲು ನೀವು ಆ ಅಲ್ಯೂಮಿನಿಯಂ ದೋಣಿ ತಂದಾಗ ಅಕ್ಕ ಅದಕ್ಕೆ ಆರತಿ ಎತ್ತಿದ್ದಳು. ಅರ್ಧ ಆಯಸ್ಸು ತೆಪ್ಪದಲ್ಲಿ ಕಳೆದ ನೀವು ಅದರ ಅಂಚನ್ನು ಸವರಿ ಸವರಿ ನೋಡುತ್ತಿದ್ದಿರಿ. ನನ್ನ ಕಣ್ಣಿಗೆ ಮಾತ್ರ ಅದು ಬೋಳುಬೋಳಾಗಿ ಕಂಡಿತು. ಬೀರೂರಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನು ನಾನು. ಆಯುಧಪೂಜೆ ಬಂತೆಂದರೆ ಗಾಡಿ, ನೇಗಿಲು, ಪಂಪ್‌ಸೆಟ್ಟು — ಎಲ್ಲಕ್ಕೂ ಬಣ್ಣ ಬಳಿದೇ ಕುಂಕುಮ ಇಡುವ ಮನೆ ನಮ್ಮದು. ಭಾವನ ದೋಣಿ ಬರೀ ತಗಡಿನ ಹಾಗೆ ಪೂಜೆಗೆ ಕೂರಬೇಕೆ?

ಮಲ್ಪೆಯ ಗೆಳೆಯನ ಹತ್ತಿರ ಕೆಂಪು ಬಣ್ಣ ಉಳಿದಿತ್ತು. ಪಾಚಿ, ಚಿಪ್ಪು ಅಂಟದಂತೆ ಸಮುದ್ರದ ದೋಣಿಗಳ ತಳಕ್ಕೆ ಹಚ್ಚುವಂಥದ್ದು. ಯಾವ ದೋಣಿಗೆ ಎಂದು ಕೇಳಿದ. ಅಲ್ಯೂಮಿನಿಯಂ ಅಂದೆ.

"ಹಾಗಾದ್ರೆ ಬೇಡ ಮಾರಾಯ. ಇದ್ರಲ್ಲಿ ತಾಮ್ರ ಉಂಟು. ತಗಡನ್ನೇ ತಿಂದು ಹಾಕ್ತದೆ."

ಮನೆಯ ಮರದ ಬಾಗಿಲಿಗೆ ಹಚ್ಚಿಕೊಳ್ಳುತ್ತೇನೆ ಎಂದು ಸುಳ್ಳು ಹೇಳಿ ಡಬ್ಬ ತಂದೆ. ಅದೆಲ್ಲ ಉಪ್ಪುನೀರಿನ ಮಾತು, ನಮ್ಮ ಸಿಹಿನೀರಿಗೆ ಏನಾದೀತು — ಅಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ.

ನೀವು ಕೇಳಿದಿರಿ. "ಬಣ್ಣ ಯಾಕೋ? ಪಾಚಿ ತಾನೇ, ನಾರು ಹಾಕಿ ಉಜ್ಜಿದ್ರೆ ಹೋಯ್ತು."

"ಸುಮ್ನಿರಿ ಭಾವ, ಬಣ್ಣದ ವಿಷ್ಯ ನನಗೆ ಬಿಡಿ" ಅಂದೆ. ಬಿಟ್ಟಿರಿ.

ಮುಂದಿನ ವರ್ಷ ಒಂದು ಬೆಳಿಗ್ಗೆ ನಡುನೀರಿನಲ್ಲಿ ದೋಣಿ ತುಂಬಿಕೊಂಡಿತು. ಬಲೆ ಬಿಟ್ಟು ಈಜಿ ದಡ ಸೇರಿದಿರಿ. ದೋಣಿಯನ್ನು ಎಳೆದು ತಂದು ಮಗುಚಿದ ಮೇಲೆ ನೋಡಲು ನನ್ನನ್ನೇ ಕರೆಸಿದಿರಿ. ಬಣ್ಣ ಕೆರೆದೆ. ಅಡಿಯಲ್ಲಿ ಬಿಳಿ ಪುಡಿ, ಸಿಡುಬಿನ ಕಲೆಯಂಥ ಗುಳಿಗಳು, ಕೆಲವು ಆಚೆ ಕಡೆಯ ಬೆಳಕು ಕಾಣುವಷ್ಟು ಆಳ. ಕಲ್ಲಿಗೆ ಉಜ್ಜಿದ್ದರೆ ಗೀರು ಇರಬೇಕು. ಗೀರು ಇರಲಿಲ್ಲ. ಮಲ್ಪೆಯವನ ಮಾತು ನೆನಪಾಯಿತು. ನೀವೂ ದಡದಲ್ಲಿದ್ದವರೂ ನನ್ನ ಬಾಯಿ ನೋಡುತ್ತ ನಿಂತಿದ್ದಿರಿ.

"ಕಲ್ಲಿನ ಮೇಲೆ ಎಳೆದಿದೀರ ಭಾವ. ಇನ್ನೇನು."

"ಇಲ್ಲ ಕಣೋ, ಎತ್ತೇ ಇಡ್ತಿದ್ದೆ" ಅಂದಿರಿ. ತೆಪ್ಪದವನಿಗೆ ಇಂಥ ದೋಣಿ ಯಾಕೆ ಬೇಕಿತ್ತು ಎಂದು ಯಾರೋ ನಕ್ಕರು. ನಾನೂ — ನಕ್ಕೆ ಅನ್ನಿಸುತ್ತದೆ. ಅಲ್ಲಿಂದಾಚೆ ನೀವು ನೀರಿಗಿಳಿಯಲಿಲ್ಲ. ಎಷ್ಟೋ ವರ್ಷಗಳಿಂದ ಕಡೂರಿನ ಕೊಬ್ಬರಿ ಮಂಡಿಯ ಬಾಗಿಲು ಕಾಯುತ್ತಿದ್ದೀರಿ. ಆ ದಾರಿಯಲ್ಲಿ ಹೋಗುವಾಗ ನಾನು ಬೈಕು ನಿಲ್ಲಿಸುವುದಿಲ್ಲ.

ಇದನ್ನು ಹೇಳದೆಯೇ ಸಾಯುತ್ತಿದ್ದೆನೇನೋ. ಆದರೆ ಮೊನ್ನೆ ನನ್ನ ಮಗಳ ನಿಶ್ಚಿತಾರ್ಥದ ಊಟಕ್ಕೆ ನನ್ನ ಪಕ್ಕದಲ್ಲಿ ಕೂತ ನೀವು, ಅನ್ನ ಕಲೆಸುತ್ತ, ತಲೆ ಎತ್ತದೆ ಹೇಳಿದಿರಿ —

"ನಾನೇ ಎಳೆದಿದ್ದೆ ಅನ್ಸುತ್ತೆ ಕಣೋ. ನೀನು ಅಷ್ಟು ಚೆನ್ನಾಗಿ ಬಣ್ಣ ಹೊಡ್ದುಕೊಟ್ಟಿದ್ದೆ. ತಪ್ಪಾಯ್ತು."

ಎಳೆದಿರಲಿಲ್ಲ ಭಾವ. ಅದು ನಿಮಗೆ ಗೊತ್ತಿತ್ತು. ನಿಮಗೆ ಗೊತ್ತಿದ್ದನ್ನೇ ನೀವು ನಂಬದ ಹಾಗೆ ಮಾಡಿದವನು ನಾನು. ಆಗ ನಾನು ಏನಂದೆ, ನಿಮಗೆ ನೆನಪಿರಬೇಕು. "ಇರ್ಲಿ ಬಿಡಿ ಭಾವ" ಅಂದೆ. ನಿಮ್ಮ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದೆ.

ಭಾನುವಾರ ಬರುತ್ತೇನೆ. ಅವತ್ತು ದಡದಲ್ಲಿದ್ದವರನ್ನೂ ಕರೆಸುತ್ತೇನೆ. ಅವರೆದುರಿಗೆ ಆಡಿದ ಸುಳ್ಳು ಅದು. ಅಕ್ಕನೂ ಇರಲಿ. ನೀವು ಬೈಯಿರಿ, ಎದ್ದು ಹೋಗಿ, ಬಾಗಿಲು ಹಾಕಿಕೊಳ್ಳಿ. "ಇರ್ಲಿ ಬಿಡೋ" ಅಂತ ಮಾತ್ರ ಅನ್ನಬೇಡಿ.